ಒಂದು ರಜೆ, ಒಂದು ಹಿಡಿ ಹುಣಿಸೆಬೀಜ

ಸುಳ್ಳು ಹೇಳಲು ಬಾರದವನನ್ನು ಜನ ಸತ್ಯವಂತ ಎಂದು ಹೊಗಳುತ್ತಾರೆ. ನನ್ನ ವಿಷಯದಲ್ಲಿ ಆ ಹೊಗಳಿಕೆ ಶುದ್ಧ ಅನ್ಯಾಯ. ಸುಳ್ಳು ಹೇಳುವ ಆಸೆ ನನಗೆ ಬೇಕಾದಷ್ಟಿದೆ. ಈ ಹಾಳು ಮುಖ ಸಹಕರಿಸುವುದಿಲ್ಲ, ಅಷ್ಟೆ. ಮದುವೆಯಾದ ಹೊಸದರಲ್ಲಿ ಹೋಟೆಲಿನಲ್ಲಿ ಮಸಾಲೆದೋಸೆ ಹೊಡೆದು ಬಂದು, "ಯಾಕೋ ಹಸಿವೇ ಇಲ್ಲ ಕಣೇ" ಎಂದರೆ ನನ್ನ ಹೆಂಡತಿ ಗಿರಿಜ ಒಂದೇ ಒಂದು ಸಲ ನನ್ನ ಮುಖ ನೋಡಿ, "ಚಟ್ನಿ ಚೆನ್ನಾಗಿತ್ತಾ?" ಎನ್ನುತ್ತಿದ್ದಳು. ಇಂಥ ಮುಖ ಹೊತ್ತವನು ಇಸ್ಪೀಟಿಗೆ ಕೂರಬಾರದು. ನಾನು ಕೂತೆ. ಹನ್ನೊಂದು ವರ್ಷ ಕೂತೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಮನೆ ಕಡೂರಿನಲ್ಲಿ, ಗುಮಾಸ್ತಗಿರಿ ಅಜ್ಜಂಪುರದಲ್ಲಿ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ. ನಾವು ಮೂವರು ಎದುರುಬದುರು ಕೂತು, ಮೊಣಕಾಲುಗಳ ಮೇಲೆ ಟವೆಲ್ ಹಾಸಿದರೆ ಅದೇ ನಮ್ಮ ಮೇಜು. ನಾನು, ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಗುಮಾಸ್ತ ಸಿದ್ರಾಮಪ್ಪ, ಅಜ್ಜಂಪುರದಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ರಹಮತ್ ಸಾಬರು. ದುಡ್ಡು ಕಟ್ಟುವಷ್ಟು ಧೈರ್ಯ ಮೂವರಿಗೂ ಇರಲಿಲ್ಲ. ಸಾಬರ ಹಳೆಯ ಪೌಡರ್ ಡಬ್ಬಿಯ ತುಂಬ ಹುಣಿಸೆಬೀಜ. ಅದೇ ನಮ್ಮ ಪಣ. ತಲೆಗೆ ಮೂರೆಲೆ. ನನ್ನ ಎಲೆ ದೊಡ್ಡದು ಎನ್ನುವವನು ಬೀಜ ಕಟ್ಟುತ್ತಾನೆ, ಎದುರಿನವನು ಅಷ್ಟೇ ಬೀಜ ಕಟ್ಟಿ 'ಷೋ' ಕೇಳಬೇಕು, ಇಲ್ಲ ಎಲೆ ಎಸೆದು ಸುಮ್ಮನಾಗಬೇಕು. ಎಷ್ಟು ಕಟ್ಟಬೇಕು ಅನ್ನುವುದಕ್ಕೆ ಮಿತಿಯಿಲ್ಲ. ಗಾಡಿಯ ಆಟವಾದ್ದರಿಂದ ಇನ್ನೊಂದು ಕಟ್ಟಲೆ: ಅಜ್ಜಂಪುರದ ಪ್ಲಾಟ್‌ಫಾರಂ ಮುಟ್ಟುವುದರೊಳಗೆ ಷೋ ಕೇಳದಿದ್ದರೆ, ಕೊನೆಗೆ ಕಟ್ಟಿದವನದೇ ಎಲ್ಲ ಬೀಜ.

ನನ್ನ ತೊಂದರೆ ಮುಖದ್ದು ಮಾತ್ರವಲ್ಲ, ಕೈಯದೂ ಹೌದು. ಒಳ್ಳೆ ಎಲೆ ಬಂದಾಗ ಎದುರಿನವರು ಓಡಿಹೋದಾರೆಂದು ಹೆದರಿ ಎರಡೇ ಬೀಜ ಕಟ್ಟುತ್ತಿದ್ದೆ. ಏನೂ ಇಲ್ಲದಾಗ ಎಲ್ಲರನ್ನೂ ಹೆದರಿಸಿ ಓಡಿಸೋಣವೆಂದು ಹಿಡಿಗಟ್ಟಲೆ ಸುರಿಯುತ್ತಿದ್ದೆ. ಇದು ಭಾರಿ ಚಾಣಾಕ್ಷತನ ಎಂದು ನಾನೊಬ್ಬನೇ ವರ್ಷಗಟ್ಟಲೆ ನಂಬಿಕೊಂಡಿದ್ದೆ. ಒಂದು ದಿನ ಸಾಬರಿಗೇ ತಡೆಯಲಾಗಲಿಲ್ಲ. "ಸಾರ್, ನಿಮ್ ಎಲೆ ಕದ್ದು ನೋಡೋದೇ ಬ್ಯಾಡ. ಬೀಜ ಎಣಿಸಿದ್ರೆ ಸಾಕು. ಷರ್ಟಿಗೆ ಅಳ್ತೆ ಇರೋ ಹಂಗೆ ಸುಳ್ಳಿಗೂ ಅಳ್ತೆ ಐತೆ. ನೀವು ಮಗೂಗೆ ಶೇರ್ವಾನಿ ಹೊಲಿತೀರಿ," ಎಂದರು. ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ನನ್ನ ಬೀಜ ಬಾಚಿಕೊಂಡರಲ್ಲ!

ಹೋಗಲಿ, ಬೀಜ ತಾನೆ ಎಂದುಕೊಂಡಿದ್ದೆ. ಆದರೆ ಆ ವರ್ಷ ಬೀಜದ ಮೇಲೆ ಗಿರಿಜಳ ಕೆಮ್ಮಣ್ಣುಗುಂಡಿ ಬಂದು ಕೂತಿತು. ಮದುವೆಯಾಗಿ ಆರು ವರ್ಷ, "ಇಲ್ಲೇ ತರೀಕೆರೆ ಪಕ್ಕ ಇದೆ, ಒಂದ್ಸಲ ತೋರಿಸ್ರೀ" ಎಂದು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಕೊನೆಗೆ ಅವಳ ಅಕ್ಕ ಭಾವ ಬರುತ್ತಾರೆ, ಸೋಮವಾರ ಹೋಗುವುದೇ ಎಂದು ಜೀಪು ಗೊತ್ತುಮಾಡಿದೆವು. ಇತ್ತ ಸಿದ್ರಾಮಪ್ಪನಿಗೂ ಅದೇ ಸೋಮವಾರ ಸಖರಾಯಪಟ್ಟಣದ ತೋಟದಲ್ಲಿ ತೆಂಗಿನಕಾಯಿ ಕೀಳಿಸಬೇಕು. ಕಚೇರಿಯ ಸಾಹೇಬರು ಇಬ್ಬರ ಅರ್ಜಿಯನ್ನೂ ನೋಡಿ, "ಒಬ್ಬರಿಗೆ ಮಾತ್ರ ರಜ. ಯಾರು ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ" ಎಂದುಬಿಟ್ಟರು. ಇಬ್ಬರು ದೊಡ್ಡ ಮನುಷ್ಯರು ಕೂತು ಮಾತಾಡಿ ಮುಗಿಸಬೇಕಾದ ವಿಷಯ. ನಾವು ಶನಿವಾರ ಗಾಡಿಯಲ್ಲಿ ಎಲೆ ಹಾಕುವುದು, ಕೊನೆಯ ಆಟ ಗೆದ್ದವನಿಗೇ ರಜ ಎಂದು ಒಪ್ಪಿಕೊಂಡೆವು! ಮನೆಗೆ ಬಂದು ಹೇಳಿದಾಗ ಗಿರಿಜ ಹಣೆ ಹಣೆ ಚಚ್ಚಿಕೊಂಡಳು. "ನೀವು? ಇಸ್ಪೀಟಲ್ಲಿ? ನನ್ ಕೆಮ್ಮಣ್ಣುಗುಂಡಿ ಹೋಯ್ತು ಬಿಡಿ," ಎಂದಳು.

ಶನಿವಾರ ಸಾಬರು ಎಲೆ ಹಂಚಿದರು. ಬೀರೂರು ದಾಟುವ ಹೊತ್ತಿಗೆ ನನ್ನ ಅರ್ಧ ಬೀಜ ಸಿದ್ರಾಮಪ್ಪನ ಕಡೆ ಸೇರಿತ್ತು. ಕೊನೆಯ ಆಟಕ್ಕೆ ನನಗೆ ಬಂದದ್ದು ಎರಡು, ಐದು, ಒಂಬತ್ತು. ಒಂದಕ್ಕೊಂದು ಮುಖ ನೋಡದ ಮೂರು ಎಲೆ. ಕಿಟಕಿಯಾಚೆ ಅಜ್ಜಂಪುರದ ಹೊರ ಸಿಗ್ನಲ್ ಕಾಣಿಸಿತು. ಪ್ಲಾಟ್‌ಫಾರಂಗೆ ಇನ್ನೆರಡು ನಿಮಿಷ. ಈಗ ಇದ್ದಬದ್ದದ್ದೆಲ್ಲ ಸುರಿದರೆ, ಸಿದ್ರಾಮಪ್ಪ ಮೀನಮೇಷ ಎಣಿಸುವುದರೊಳಗೆ ಗಾಡಿ ಒಳಗೆ ಬಂದು ನಾನು ಗೆದ್ದೆ! ಸುರಿದೆ. ಸುರಿದ ಮರುಗಳಿಗೆಯೇ ಗಾಡಿ ಕಿರ್ ಎಂದು ನಿಂತುಬಿಟ್ಟಿತು. ಹನ್ನೊಂದು ವರ್ಷ ಓಡಾಡಿದವನಿಗೆ, ಎದುರಿನಿಂದ ಗೂಡ್ಸ್ ಬರುವುದಿದ್ದರೆ ಅಲ್ಲಿ ನಿಲ್ಲಿಸುತ್ತಾರೆಂಬುದು ನೆನಪಾಗಬಾರದೇ!

ಇಪ್ಪತ್ತು ನಿಮಿಷ. ಸುಳ್ಳನ್ನು ಎರಡು ನಿಮಿಷ ಹಿಡಿದುಕೊಳ್ಳಲಾಗದವನು ಇಪ್ಪತ್ತು ನಿಮಿಷ ಹಿಡಿದುಕೊಂಡು ಕೂರಬೇಕು. ಸಿದ್ರಾಮಪ್ಪ ಎಲೆಗಳನ್ನು ತೊಡೆಯಡಿ ಇಟ್ಟುಕೊಂಡು, ಡಬ್ಬಿ ತೆಗೆದು ಅವಲಕ್ಕಿ ತಿನ್ನತೊಡಗಿದ. ತಿನ್ನುತ್ತ ನನ್ನ ಮುಖವನ್ನೇ ನೋಡಿದ. "ಯಾಕ್ರೀ ಹಿಂಗ್ ಬೆವ್ತು ಹೋಗಿದ್ದೀರ?"

"ಸೆಖೆ."

"ಡಿಸೆಂಬರ್ ಕಣ್ರೀ," ಎಂದರು ಸಾಬರು.

ದೂರದಲ್ಲಿ ಗೂಡ್ಸ್ ಸ್ಟೇಷನ್ನಿಗೆ ಬಂದು ನಿಂತಿತು, ಸಿಗ್ನಲ್ ಬಿತ್ತು, ಗಾಡಿ ಅಲುಗಿತು. ಸಿದ್ರಾಮಪ್ಪ ಕೈ ಒರೆಸಿಕೊಂಡು ಎಲೆಗಳನ್ನು ಇನ್ನೊಮ್ಮೆ ನೋಡಿದ. ನಿಟ್ಟುಸಿರು ಬಿಟ್ಟು ಟವೆಲ್ಲಿನ ಮೇಲೆ ಕವುಚಿಹಾಕಿದ. "ಹೋಗ್ಬನ್ನಿ ಸ್ವಾಮಿ, ನಿಮ್ಮದೇ ರಜ," ಎಂದ. ನನಗೆ ಕುಣಿಯುವ ಹಾಗಾಯಿತು. ಸೋಮವಾರ ತರೀಕೆರೆಯಿಂದ ಬೆಟ್ಟದ ತುದಿಯವರೆಗೂ ಜೀಪಿನಲ್ಲಿ ಆ ಕತೆಯನ್ನು ಮೂರು ಸಲ ಹೇಳಿದೆ. ಗಿರಿಜ ಕಣ್ಣರಳಿಸಿ, "ಹೌದಾ? ಆಮೇಲೆ? ಅವರಿಗೆ ಗೊತ್ತೇ ಆಗ್ಲಿಲ್ವಾ?" ಎಂದು ಕೇಳುತ್ತಿದ್ದಳು.

ಮಂಗಳವಾರ ಗಾಡಿಯಲ್ಲಿ ಸಾಬರು ತಡೆಯಲಾರದೆ ಬಾಯಿಬಿಟ್ಟರು. "ಸಾರ್, ಅವತ್ತು ಅವ್ರ ಹತ್ರ ಮೂರು ರಾಜ ಇದ್ವು. ಪಕ್ಕದಲ್ಲೇ ಇದ್ನಲ್ಲ, ನೋಡಿದೆ."

ಸಿದ್ರಾಮಪ್ಪ ಕಿಟಕಿಯಾಚೆ ನೋಡಿದ. ನಾನು ಬಿಡಲಿಲ್ಲ. ಕೊನೆಗೆ ಹೇಳಿದ: "ಏನ್ಮಾಡ್ಲಿ ಮಾರಾಯ್ರೇ? ಶುಕ್ರವಾರ ನಿಮ್ಮನೆಯೋರು ನಮ್ಮನೆಗೆ ಬಂದಿದ್ರು. 'ನಮ್ಮೋರಿಗೆ ಆಟ ಬರಲ್ಲ. ಕಾಯಿ ಇನ್ನೊಂದು ವಾರ ಮರದಲ್ಲಿದ್ರೆ ಏನೂ ಆಗಲ್ಲ. ಹೆಂಗಾದ್ರೂ ಮಾಡಿ ಸೋತ್ಬಿಡಿ, ಅವರಿಗೆ ಮಾತ್ರ ಗೊತ್ತಾಗ್ಬಾರ್ದು' ಅಂದ್ರು. ಸೋಲೋದು ಸುಲಭ ಅಂದ್ಕೊಂಡಿದ್ದೆ. ಮೂರು ರಾಜ ಕೈಲಿಟ್ಕೊಂಡು, ನಿಮ್ಮ ಆ ಮುಖ ನೋಡ್ಕೊಂಡು, ಇಪ್ಪತ್ತು ನಿಮಿಷ ಕೂರೋದಿದೆಯಲ್ಲ... ಅವಲಕ್ಕಿ ಗಂಟಲಲ್ಲಿ ಇಳೀಲಿಲ್ಲ ಕಣ್ರೀ."

ಆ ಸಂಜೆ ವಾಪಸು ಗಾಡಿಯ ಉದ್ದಕ್ಕೂ ನನ್ನ ಭಾಷಣ ಸಿದ್ಧವಾಗುತ್ತಿತ್ತು. ನನ್ನ ಮಾನ ಕಳೆದೆ, ಕಚೇರಿಯವರ ಮುಂದೆ ಸಣ್ಣವನನ್ನಾಗಿ ಮಾಡಿದೆ, ಇನ್ನೂ ಏನೇನೋ. ಮನೆಯಲ್ಲಿ ಅವಳ ಅಕ್ಕ ಭಾವ ಇನ್ನೂ ಇದ್ದರು. ಗಿರಿಜ ಕಾಫಿ ತಂದು ಕೈಗಿತ್ತು, "ಸರಿಯಾದ ಹೊತ್ತಿಗೆ ಬಂದ್ರಿ. ಜೀಪಿನ ಸದ್ದಲ್ಲಿ ಭಾವನಿಗೆ ನಿಮ್ ಕತೆ ಸರಿಯಾಗಿ ಕೇಳಿಸ್ಲಿಲ್ವಂತೆ. ಇನ್ನೊಂದ್ಸಲ ಹೇಳ್ರೀ," ಎಂದಳು. ಅವಳ ಮುಖವನ್ನೇ ದಿಟ್ಟಿಸಿದೆ. ಏನಾದರೂ ಸಿಕ್ಕೀತೇ ಎಂದು ಹಣೆ, ಹುಬ್ಬು, ತುಟಿಯ ಕೊನೆ ಎಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ಭಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ನಾನು ಕಾಫಿ ಒಂದು ಗುಟುಕು ಕುಡಿದು, ಹೊರ ಸಿಗ್ನಲ್ಲಿನಲ್ಲಿ ಗಾಡಿ ಮುಕ್ಕಾಲು ಗಂಟೆ ನಿಂತಿತ್ತು ಎಂದು ಶುರುಮಾಡಿದೆ.