ಬಾರಕೊಳ್ಳದ ಕೊಪ್ಪರಿಗೆ ಯಾನ

ಬಾರಕೊಳ್ಳದ ಹಳ್ಳಕ್ಕೆ ಸೇತುವೆ ಇಲ್ಲದಿರುವುದು ಕೊರತೆಯಲ್ಲ, ಸೌಲಭ್ಯ ಎಂದು ಸರಕಾರ ಆದೇಶ ಹೊರಡಿಸಿದ ದಿನ ತಂಗೆವ್ವ ಬಸುರಿ ಮಗಳ ಕುಬುಸದ ಶಾಸ್ತ್ರಕ್ಕೆ ಹಸಿರು ಸೀರೆ ತರಲು ಬೈಲಹೊಂಗಲದ ಪೇಟೆಗೆ ಹೋಗಿದ್ದಳು. ಊರಿನಲ್ಲಿ ಆದೇಶ ಓದಿದವರು ಯಾರೂ ನಗಲಿಲ್ಲ. ಅದರ ಮೇಲೆ ಮುದ್ರೆ ಇತ್ತು.

ತಂಗೆವ್ವನ ಮಗಳು ಸಪ್ನಾಳನ್ನು ಕೊಟ್ಟಿದ್ದು ಹಳ್ಳದ ಆಚೆ ದಂಡೆಯ ಮುಳ್ಳಿಹಾಳಕ್ಕೆ. ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯಲ್ಲಿ ಮಗಳು ಒಲೆಯ ಮುಂದಿನಿಂದ ಎದ್ದು ಬರುವಷ್ಟು ಹತ್ತಿರ. ನಡುವೆ ಒಂದು ಸೇತುವೆ ಇತ್ತು. ಮಹಾಪೂರ ಬಂದಾಗ ಅದು ಕಿತ್ತುಕೊಂಡು ಹೋಗಿ ಮಲಪ್ರಭೆಯ ಪಾಲಾಯಿತು. ಅಂದಿನಿಂದ ಮಳೆಗಾಲದಲ್ಲಿ ಜನ ದಾಟುವುದು ಶಟ್ಟೆಪ್ಪನ ಗಾಣದ ಕೊಪ್ಪರಿಗೆಯಲ್ಲಿ. ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವ ಅಗಲ ಬಾಯಿಯ ಕಬ್ಬಿಣದ ಕೊಪ್ಪರಿಗೆ ಅದು. ಎರಡೂ ದಂಡೆಯ ಬೇವಿನ ಮರಗಳಿಗೆ ಹಗ್ಗ ಬಿಗಿದಿದ್ದಾರೆ. ಶಟ್ಟೆಪ್ಪ ಒಳಗೆ ನಿಂತು ಹಗ್ಗ ಜಗ್ಗುತ್ತಾನೆ. ಕೊಪ್ಪರಿಗೆ ಒಂದಿಷ್ಟು ತಿರುಗಿ, ಒಂದಿಷ್ಟು ಮುಂದೆ ಸರಿದು, ಕೊನೆಗೆ ಯಾವುದಾದರೂ ಒಂದು ದಂಡೆ ಮುಟ್ಟುತ್ತದೆ. ಹೆಚ್ಚಾಗಿ ಅದು ಆಚೆಯ ದಂಡೆಯೇ ಆಗಿರುತ್ತದೆ.

ಸಪ್ನಾ ಬಸುರಿ ಎಂದು ತಿಳಿದ ಕೂಡಲೇ ತಂಗೆವ್ವನಿಗೆ ಸೇತುವೆಯ ಚಿಂತೆ ಹತ್ತಿತು. ಕುಬುಸ ಮಾಡಿ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರಬೇಕು. ದವಾಖಾನೆ ಇರುವುದೂ ಈ ದಂಡೆಯಲ್ಲಿಯೇ. ಆಕೆ ಸವದತ್ತಿಗೆ ಹೋಗಿ, ಕಚೇರಿಯ ಮುಂದೆ ಕುಳಿತು ಅರ್ಜಿ ಬರೆದುಕೊಡುವ ಸಿದ್ಧಾರೂಢನನ್ನು ಹಿಡಿದಳು. ಸಿದ್ಧಾರೂಢ ಕಷ್ಟವನ್ನು ಬಣ್ಣಿಸುವುದರಲ್ಲಿ ಹೆಸರಾದವನು. ‘ಜೀವವನ್ನು ಅಂಗೈಯಲ್ಲಿ ಹಿಡಿದು, ಉಕ್ಕುವ ತೆರೆಗಳ ನಡುವೆ ಗಿರಗಿರನೆ ತಿರುಗುವ ಕೊಪ್ಪರಿಗೆಯಲ್ಲಿ, ಮರಳಿ ಮನೆ ಕಾಣುವೆವೋ ಇಲ್ಲವೋ ಎಂದು ಮೈ ನವಿರೇಳಿಸಿಕೊಂಡು ದಾಟುತ್ತೇವೆ’ ಎಂದು ಬರೆದ.

“ಅಷ್ಟೇನು ತಿರಗೂದಿಲ್ಲಲ್ರಿ” ಎಂದಳು ತಂಗೆವ್ವ.

“ಅರ್ಜ್ಯಾಗ ತಿರಗಬೇಕವ್ವ. ಇಲ್ಲಾಂದ್ರ ಸಾಹೇಬ್ರ ತಲಿ ತಿರಗೂದಿಲ್ಲ. ಒಂದು ಫೋಟೊ ಹಚ್ರಿ ಜೋಡಿಗೆ.”

ತಪ್ಪು ಆದದ್ದು ಫೋಟೊದಲ್ಲಿ. ಬಾರಕೊಳ್ಳದಲ್ಲಿ ಫೋಟೊ ಎಂದರೆ ಫೋಟೊ. ಮಾಸಿದ ಸೀರೆ ಉಟ್ಟು ನಿಲ್ಲುವವರು ಅಲ್ಲಿ ಯಾರೂ ಇಲ್ಲ. ಅದರಲ್ಲೂ ಸರಕಾರಕ್ಕೆ ಹೋಗುವ ಫೋಟೊ. ಹೆಂಗಸರು ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆದರು. ಗಂಡಸರು ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ಶಟ್ಟೆಪ್ಪ ಕೊಪ್ಪರಿಗೆಯನ್ನು ಬೂದಿ ಹಚ್ಚಿ ತಿಕ್ಕಿ, ಅಂಚಿಗೆ ಚೆಂಡು ಹೂವಿನ ಮಾಲೆ ಕಟ್ಟಿದ. ಯರಗಟ್ಟಿಯಿಂದ ಬಂದ ಫೋಟೊದ ಅಪ್ಪು “ಎಲ್ಲಾರೂ ಈ ಕಡೆ ನೋಡ್ರಿ, ಸ್ವಲ್ಪ ನಗ್ರಿ” ಎಂದ. ಎಲ್ಲರೂ ನಕ್ಕರು. ತಂಗೆವ್ವ ಎಲ್ಲರಿಗಿಂತ ಚೆನ್ನಾಗಿ ನಕ್ಕಿದ್ದಳು.

ಆ ಅರ್ಜಿ, ಆ ಫೋಟೊ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರಯಾಣ ಮಾಡಿ ‘ದಣಿದ ಪ್ರವಾಸಿಗರ ಸಾಹಸಾನುಭವ ಪ್ರಾಧಿಕಾರ’ವನ್ನು ತಲುಪಿದವು. ಊಟಿ, ಗೋವಾ, ದುಬೈ ನೋಡಿ ನೋಡಿ ಬೇಸತ್ತವರಿಗೆ ಹೊಸದಾಗಿ ಏನಾದರೂ ಕಷ್ಟ ಒದಗಿಸುವುದು ಪ್ರಾಧಿಕಾರದ ಉದ್ದೇಶ. ಸ್ಥಾಪನೆಯಾದ ದಿನದಿಂದ ಅದು ಕಷ್ಟಕ್ಕಾಗಿ ಹುಡುಕಾಡುತ್ತಿತ್ತು. ಹೂಮಾಲೆ ಹಾಕಿಕೊಂಡು, ಬಣ್ಣದ ಸೀರೆ ಉಟ್ಟು, ನಗುನಗುತ್ತಾ ಕಷ್ಟಪಡುವ ಊರೊಂದು ತಾನಾಗಿಯೇ ಅರ್ಜಿ ಹಾಕಿಕೊಂಡದ್ದನ್ನು ಕಂಡು ಸಭೆಯಲ್ಲಿ ಅಭಿನಂದನಾ ನಿರ್ಣಯ ಅಂಗೀಕಾರವಾಯಿತು.

ಆದೇಶದ ಬೆನ್ನಿಗೇ ವಿಶೇಷ ಕರ್ತವ್ಯಾಧಿಕಾರಿ ಅರ್ಜುನ ಸಾಹೇಬರು ಬಂದರು. ಹಳ್ಳದ ದಂಡೆಯಲ್ಲಿ ಶಾಮಿಯಾನ ಹಾಕಿಸಿ, ಫಲಕ ನಿಲ್ಲಿಸಿದರು. ಫಲಕದಲ್ಲಿ ಸಿದ್ಧಾರೂಢನ ವಾಕ್ಯಗಳು ಒಂದಕ್ಷರ ಬದಲಾಗದೆ ಅಚ್ಚಾಗಿದ್ದವು. ಕೆಳಗೆ ನಿಯಮಗಳು:

‘ಸ್ಥಳೀಯರು ದಾಟುವಾಗ ಮುಖದಲ್ಲಿ ಸಮಂಜಸವಾದ ಭಯವನ್ನು ಪ್ರದರ್ಶಿಸತಕ್ಕದ್ದು. ಕೊಪ್ಪರಿಗೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುವುದು, ತೂಕಡಿಸುವುದು, ಮದುವೆಯ ಮಾತುಕತೆ ನಡೆಸುವುದು ನಿಷಿದ್ಧ. ಇವುಗಳಿಂದ ಅಪಾಯ ಕಡಿಮೆ ಇದೆ ಎಂಬ ತಪ್ಪು ಕಲ್ಪನೆ ಉಂಟಾಗುತ್ತದೆ. ಗರ್ಭಿಣಿಯರಿಗೆ ಪ್ರವೇಶವಿಲ್ಲ.’

ತಂಗೆವ್ವ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿ ಕೇಳಿದಳು.

“ಸಾಹೇಬ್ರ, ನಾವು ಕೇಳಿದ್ದು ಬ್ರಿಜ್ಜು.”

“ಗೊತ್ತಿದೆ ತಾಯಿ. ಆದರೆ ಸೇತುವೆ ಕಟ್ಟಿದರೆ ಅನುಭವ ಹೋಗುತ್ತದೆ.”

“ಹೋಗಲಿ ಬಿಡ್ರಿ! ನಮಗ ಆ ಅನುಭವ ಸಾಕಾಗೈತಿ.”

“ನಿಮಗೆ ಸಾಕಾಗಿದೆ. ಅವರಿಗೆ ಈಗ ಶುರು” ಎಂದು ಸಾಹೇಬರು ಪುಣೆಯಿಂದ ಬಂದ ವಾಹನಗಳತ್ತ ಕೈ ತೋರಿಸಿದರು.

ಇಳಿದವರಲ್ಲಿ ಒಂದು ದಂಪತಿ ನಿಂತಲ್ಲಿಯೇ ತಮ್ಮ ದುಃಖ ತೋಡಿಕೊಂಡರು. ಅವರು ಹೋದ ದೇಶಗಳಲ್ಲೆಲ್ಲ ರಸ್ತೆ ಸರಿ ಇತ್ತು, ರೈಲು ಸಮಯಕ್ಕೆ ಬಂದಿತ್ತು, ನಲ್ಲಿಯಲ್ಲಿ ನೀರು ಬಂದಿತ್ತು. ಎಷ್ಟೆಂದು ಸಹಿಸುವುದು? ಶಟ್ಟೆಪ್ಪ ಅವರಿಗೆ ಸಮಾಧಾನ ಹೇಳಿ ಕೊಪ್ಪರಿಗೆಗೆ ಹತ್ತಿಸಿಕೊಂಡ. ಅವನಿಗೆ ಈಗ ‘ಜಲಯಾನ ನಿರ್ವಾಹಕ’ ಎಂಬ ಹುದ್ದೆ ಬಂದಿತ್ತು, ಕೊರಳಲ್ಲಿ ಗುರುತಿನ ಚೀಟಿ. ಹಗ್ಗವನ್ನು ಒಂದೇ ಸಮನೆ ಜಗ್ಗುತ್ತಾನೆ ಎಂದು ಮೊದಲ ವಾರವೇ ನೋಟಿಸು ಬಂತು. ನಡುನೀರಿನಲ್ಲಿ ಒಮ್ಮೆಯಾದರೂ ಕೈ ಬಿಡಬೇಕು ಎಂಬುದು ಕರ್ತವ್ಯದ ಭಾಗವಾಗಿತ್ತು.

ಸುತ್ತು ಹಾಕಿ ಬರಲು ಯರಗಟ್ಟಿಯ ಮೇಲಿಂದ ಒಂದು ದಾರಿ ಇತ್ತು. ಆ ದಾರಿಯಲ್ಲಿ ಬಸುರಿಯನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿದರೆ ಯರಗಟ್ಟಿ ಮುಟ್ಟುವ ಮೊದಲೇ ಬಾಣಂತಿಯಾಗುತ್ತಾಳೆ ಎಂದು ದವಾಖಾನೆಯ ಸಿಸ್ಟರ್ ಹೇಳಿದ್ದಳು. ತಂಗೆವ್ವ ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ತಗ್ಗುಗಳಿಗೆ ಗರಸು ಮಣ್ಣು ಹಾಕಿಸಿದಳು. ಮರುದಿನವೇ ಪ್ರಾಧಿಕಾರದವರು ಗರಸನ್ನು ಬಾಚಿ ತೆಗೆದರು. ಆ ದಾರಿಯನ್ನು ‘ಒರಟು ಮಾರ್ಗ ವಾಹನ ಸಾಹಸ ವಲಯ’ ಎಂದು ಘೋಷಿಸಲಾಗಿತ್ತು. ತಗ್ಗುಗಳು ಈಗ ಸರಕಾರಿ ಆಸ್ತಿ. ತಗ್ಗು ಮುಚ್ಚುವುದು ಸರಕಾರಿ ಆಸ್ತಿಗೆ ಹಾನಿ.

ದಿನ ಉರುಳಿದಂತೆ ಆಚೆ ದಂಡೆಯಿಂದ ಬೀಗತಿ ಕೃಷ್ಣವ್ವನ ದನಿ ಏರತೊಡಗಿತು.

“ಏ ಬೀಗತಿ! ಕುಬುಸದ ಸೀರಿ ಟ್ರಂಕಿನಾಗ ಇಟ್ಟು ಪೂಜಿ ಮಾಡಾಕತ್ತೀರೇನು?”

“ಸಾಹೇಬ್ರು ಬಿಡವಲ್ರಿ!”

“ಪುಣೆದವ್ರು ದಾಟತಾರ, ಸೊಲ್ಲಾಪುರದವ್ರು ದಾಟತಾರ. ನಿಮ್ಮ ಮಗಳಿಗೆ ನಿಮ್ಮ ಮನಿ ಇಲ್ಲೇನು? ಇಲ್ಲೇ ಹಡೀಲಿ ಅಂತೀರೇನು? ಹಂಗಾರ ಹೇಳಿಬಿಡ್ರಿ, ಮಂದಿಗೆ ಹಂಗ ಹೇಳತೇನಿ!”

ಈ ಮಾತುಕತೆಯನ್ನು ಪ್ರವಾಸಿಗರು ಮೊಬೈಲಿನಲ್ಲಿ ಹಿಡಿದುಕೊಂಡರು. ಸಂಜೆಯ ಹೊತ್ತಿಗೆ ಫಲಕದಲ್ಲಿ ‘ದಂಡೆಯಿಂದ ದಂಡೆಗೆ ಬೀಗತಿಯರ ಜಗಳ, ಮುಂಜಾನೆ ಮತ್ತು ಸಂಜೆ’ ಎಂಬ ಸಾಲು ಸೇರಿತು. ಕೃಷ್ಣವ್ವ ಮರುದಿನ ತಲೆ ಬಾಚಿಕೊಂಡು, ಹೂ ಮುಡಿದು ಜಗಳಕ್ಕೆ ಬಂದಳು.

ತಂಗೆವ್ವ ಸಾಹೇಬರ ಶಾಮಿಯಾನದಲ್ಲಿ ನೆಲದ ಮೇಲೆ ಕುಳಿತುಬಿಟ್ಟಳು. ಮಗಳಿಗೆ ಒಂಬತ್ತು ತುಂಬುತ್ತಿತ್ತು. ಅರ್ಜುನ ಸಾಹೇಬರು ಕೆಟ್ಟವರಲ್ಲ. ಅವರು ನಿಯಮಗಳ ಪುಸ್ತಕವನ್ನು ಎರಡು ಕಡೆಯಿಂದಲೂ ಓದಿ ಒಂದು ದಾರಿ ಹುಡುಕಿದರು.

“ನೋಡಿ ತಾಯಿ. ಗರ್ಭಿಣಿಗೆ ಪ್ರವೇಶವಿಲ್ಲ. ಆದರೆ ಸ್ಥಳೀಯ ಕಲಾವಿದರಿಗೆ ಇದೆ. ‘ತವರಿಗೆ ಬರುವ ಗರ್ಭಿಣಿ’ ಎಂದು ಒಂದು ಪ್ರಯೋಗ ಇಡೋಣ. ನಿಮ್ಮ ಮಗಳು ಗರ್ಭಿಣಿಯ ಪಾತ್ರ ಮಾಡಲಿ.”

“ಪಾತ್ರ ಯಾಕ್ರಿ? ಆಕಿ ಬಸರ ಇದ್ದಾಳಲ್ಲ.”

“ಹಾಗೆ ಹೇಳಬೇಡಿ. ಗರ್ಭಿಣಿಯಾಗಿದ್ದರೆ ಪ್ರವೇಶವಿಲ್ಲ. ಗರ್ಭಿಣಿಯಲ್ಲ ಎಂದು ಬರೆದುಕೊಡಬೇಕು. ಆಮೇಲೆ ಗರ್ಭಿಣಿಯಂತೆ ಕಾಣಬೇಕು.”

“ಕಾಣತಾಳ್ರಿ. ಅದರ ಚಿಂತಿ ಬ್ಯಾಡ.”

ಕಾಗದ ಕೊಪ್ಪರಿಗೆಯಲ್ಲಿ ಆಚೆಗೆ ಹೋಯಿತು. ಸಪ್ನಾ ಅದನ್ನು ಹೊಟ್ಟೆಯ ಮೇಲೆಯೇ ಇಟ್ಟು ಸಹಿ ಮಾಡಿದಳು. ಮೇಜು ಇರಲಿಲ್ಲ.

“ಯವ್ವಾ, ಬೇ!” ಎಂದು ಅಲ್ಲಿಂದಲೇ ಕೂಗಿದಳು. “ನಾನು ಬಸರ ಇಲ್ಲಂತ ಬರದುಕೊಟ್ಟೇನಿ. ಇದಕ್ಕ ಹೆಂಗ ಹೇಳ್ಲಿ? ಒಳಗ ಒದ್ಯಾಕತ್ತೈತಿ!”

“ಸಾಹೇಬ್ರು ಇದ್ದಾಗ ಒದೀಬ್ಯಾಡ ಅನ್ನು!”

ಪ್ರಯೋಗದ ದಿನ ದಂಡೆಯಲ್ಲಿ ಕುರ್ಚಿ ಸಾಲಲಿಲ್ಲ. ತಂಗೆವ್ವ ಹಸಿರು ಸೀರೆ, ಹಸಿರು ಬಳೆ, ಬುತ್ತಿಯ ಗಂಟು ಹೊತ್ತು ಮುಳ್ಳಿಹಾಳಕ್ಕೆ ದಾಟಿದಳು. ಕೃಷ್ಣವ್ವ ಆರತಿ ಎತ್ತಿದಳು. ಕುಬುಸವಾಯಿತು. ಕ್ಯಾಮರಾಗಳಿಗಾಗಿ ಆರತಿಯನ್ನು ಇನ್ನೊಮ್ಮೆ ಎತ್ತಲಾಯಿತು. ಆಮೇಲೆ ತಾಯಿ ಮಗಳು ಕೊಪ್ಪರಿಗೆಯಲ್ಲಿ ಕುಳಿತರು. ಶಟ್ಟೆಪ್ಪ ತನ್ನ ಗಾಣಕ್ಕೆ ಕೈಮುಗಿದು ಹಗ್ಗ ಹಿಡಿದ.

“ಮಾಮಾ, ಇವತ್ತ ಕೈ ಬಿಡಬ್ಯಾಡ್ರಿ” ಎಂದಳು ಸಪ್ನಾ.

“ನೋಟಿಸ್ ಬಂದ್ರ ಬರಲಿ ಬಿಡವ್ವ” ಎಂದು ಶಟ್ಟೆಪ್ಪ ಒಂದೇ ಸಮನೆ ಜಗ್ಗಿದ. ಕೊಪ್ಪರಿಗೆ ತಿರುಗದೆ, ಅಲುಗದೆ, ನೆಟ್ಟಗೆ ಈಚೆ ದಂಡೆಗೆ ಬಂದು ಮುಟ್ಟಿತು. ಇಷ್ಟು ಚೆನ್ನಾಗಿ ಅದು ಎಂದೂ ದಾಟಿರಲಿಲ್ಲ.

ಪ್ರವಾಸಿಗರಿಗೆ ನಿರಾಸೆಯಾಯಿತು. ‘ವನ್ಸ್ ಮೋರ್’ ಎಂಬ ಕೂಗು ಎದ್ದಿತು. ಸಾಹೇಬರು ಸೀಟಿ ಊದಿದರು. ತಂಗೆವ್ವ ಇಳಿಯಲು ಎತ್ತಿದ ಕಾಲು ಹಾಗೆಯೇ ಉಳಿಯಿತು. ಆಚೆ ದಂಡೆಯಲ್ಲಿದ್ದ ಪ್ರಾಧಿಕಾರದ ಆಳುಗಳು ಕೊಪ್ಪರಿಗೆಗೆ ಕಟ್ಟಿದ್ದ ಇನ್ನೊಂದು ಹಗ್ಗ ಹಿಡಿದು ಕೊಪ್ಪರಿಗೆಯನ್ನು ನಡುನೀರಿಗೆ ವಾಪಸ್ಸು ಎಳೆದರು. ಈ ಸಲ ಅದು ತಿರುಗಿತು. ಸಿದ್ಧಾರೂಢ ಬರೆದಷ್ಟೂ ತಿರುಗಿತು. ಸಪ್ನಾ ಕೊಪ್ಪರಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದು, ತಾಯಿಯ ಹೆಗಲಿಗೆ ಹಲ್ಲು ಊರಿದಳು.

“ಬ್ಯಾನಿ ಶುರು ಆತ್ರಿ!” ತಂಗೆವ್ವ ಕೂಗಿದಳು. “ಸಾಹೇಬ್ರ, ಖರೇನ ಬ್ಯಾನಿ! ಎಳಸ್ರಿ ಈಚಿಗೆ!”

ಕುರ್ಚಿಯಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪುಣೆಯ ದಂಪತಿ ಕಣ್ಣೊರೆಸಿಕೊಂಡರು. ಅವರ ಬೇಸರ ಕಳೆದಿತ್ತು. ಅರ್ಜುನ ಸಾಹೇಬರು ಪಕ್ಕದವರಿಗೆ “ಇಷ್ಟೊಂದು ಸಹಜ ಅಭಿನಯವನ್ನು ನಾವು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ” ಎಂದರು.

“ಏ ಭಾಡ್ಯಾಗಳ್ರಾ!” ಎಂದು ಶಟ್ಟೆಪ್ಪ ಆಳುಗಳ ಕೈಯ ಹಗ್ಗವನ್ನು ಸೊಂಟದ ಕುಡುಗೋಲಿನಿಂದ ಕತ್ತರಿಸಿ, ಉಳಿದ ಹಗ್ಗವನ್ನು ಎದೆಗೆ ಸುತ್ತಿಕೊಂಡು ಕೊಪ್ಪರಿಗೆಯನ್ನು ಈಚೆಗೆ ತಂದ. ಚಪ್ಪಾಳೆ ಇನ್ನೂ ಜೋರಾಯಿತು. ದವಾಖಾನೆ ಮುಟ್ಟುವಷ್ಟು ಹೊತ್ತು ಇರಲಿಲ್ಲ. ಸಿಸ್ಟರ್ ಓಡಿ ಬಂದಳು. ಗಾಣದ ಮನೆಯಲ್ಲಿ, ಬೆಲ್ಲದ ವಾಸನೆಯ ನಡುವೆ, ಸಪ್ನಾ ಗಂಡುಮಗು ಹಡೆದಳು. ತವರಿನ ನೆಲದ ಮೇಲೆಯೇ ಹಡೆದಳು. ತಂಗೆವ್ವ ಹೊರಗೆ ಬಂದು ಆಚೆ ದಂಡೆಗೆ ಕೇಳುವಂತೆ ಅದನ್ನು ಮೂರು ಸಲ ಕೂಗಿ ಹೇಳಿದಳು. ಕೃಷ್ಣವ್ವ ಆಚೆಯಿಂದಲೇ ಮತ್ತೊಂದು ಸಲ ಆರತಿ ಎತ್ತಿದಳು.

ತೊಡಕು ಬಂದದ್ದು ಜನನ ನೋಂದಣಿಯಲ್ಲಿ. ತಾಯಿ ಗರ್ಭಿಣಿಯಲ್ಲ ಎಂದು ಸ್ವಹಸ್ತದಿಂದ ಬರೆದುಕೊಟ್ಟಿದ್ದಳು. ಆದ್ದರಿಂದ ಹೆರಿಗೆ ಆಗಿಲ್ಲ. ಆದ್ದರಿಂದ ಮಗು ಹುಟ್ಟಿಲ್ಲ. ಮಗು ಇದೆಯಲ್ಲ ಎಂದು ತಂಗೆವ್ವ ಎತ್ತಿ ತೋರಿಸಿದಳು. ಅದು ಅಲ್ಲಗಳೆಯಲಾಗದಷ್ಟು ಜೋರಾಗಿ ಅಳುತ್ತಿತ್ತು. ಪ್ರಾಧಿಕಾರ ವಿಚಾರಣೆ ನಡೆಸಿ, ಪ್ರಯೋಗದ ವೇಳೆ ಸೃಷ್ಟಿಯಾದ ವಸ್ತು ಪ್ರಯೋಗಕ್ಕೇ ಸೇರುತ್ತದೆ ಎಂದು ತೀರ್ಮಾನಿಸಿ, ಮಗುವನ್ನು ರಂಗಪರಿಕರಗಳ ದಾಸ್ತಾನಿನಲ್ಲಿ ಸೇರಿಸಿಕೊಂಡಿತು. ದಾಸ್ತಾನಿನ ಪಟ್ಟಿಯಲ್ಲಿ ಅದರ ಮೇಲೆ ಹೆಲ್ಮೆಟ್ಟುಗಳು, ಕೆಳಗೆ ಹಗ್ಗ. ವಸ್ತುವನ್ನು ಅಜ್ಜಿಯ ಸುಪರ್ದಿಗೆ ಒಪ್ಪಿಸಲಾಯಿತು. ಉಡದಾರಕ್ಕೆ ದಾಸ್ತಾನು ಸಂಖ್ಯೆಯ ಒಂದು ತಗಡಿನ ಬಿಲ್ಲೆ ಕಟ್ಟಿದರು.

ಸಪ್ನಾಳಿಗೆ ಉತ್ತಮ ಅಭಿನಯಕ್ಕಾಗಿ ಶಾಲು ಸಿಕ್ಕಿತು. ಶಟ್ಟೆಪ್ಪನಿಗೆ ಹಗ್ಗ ಕತ್ತರಿಸಿದ್ದಕ್ಕೆ ನೋಟಿಸು, ಮತ್ತು ಅದನ್ನು ಪ್ರತಿ ಪ್ರಯೋಗದಲ್ಲಿಯೂ ಅದೇ ರೀತಿ ಕತ್ತರಿಸಬೇಕೆಂಬ ಆದೇಶ, ಒಂದೇ ಲಕೋಟೆಯಲ್ಲಿ ಬಂದವು. ಊರಿನವರ ಬೇಡಿಕೆಗೆ ಮಣಿದು ಸೇತುವೆಯನ್ನೂ ಮಂಜೂರು ಮಾಡಲಾಯಿತು. ಅದು ಹಳ್ಳದ ನಡುವಿನವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಕೊಪ್ಪರಿಗೆ ಚೆನ್ನಾಗಿ ಕಾಣುತ್ತದೆ.

ಈಗ ಎರಡೂ ಊರಿನಲ್ಲಿ ಲಗ್ನದ ಮುಹೂರ್ತವನ್ನು ಮಳೆಗಾಲದ ಪ್ರಯೋಗಕ್ಕೆ ಹೊಂದುವಂತೆ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿ ಇಡುತ್ತಾರೆ. ಕೃಷ್ಣವ್ವ ಗರ್ಭಿಣಿಯ ಪಾತ್ರಕ್ಕೆ ಎರಡನೆಯ ಸೊಸೆಯ ಹೆಸರನ್ನು ಮುಂಚಿತವಾಗಿ ಕೊಟ್ಟಿದ್ದಾಳೆ.

ವರ್ಷ ತುಂಬಿದ ಮೇಲೆ ದಾಸ್ತಾನು ಪರಿಶೀಲನೆಗೆ ಅರ್ಜುನ ಸಾಹೇಬರು ಬಂದರು. ತಂಗೆವ್ವ ಮೊಮ್ಮಗನಿಗೆ ನೀರು ಎರೆದು, ಕಾಡಿಗೆ ಹಚ್ಚಿ, ಬಿಲ್ಲೆ ತಿಕ್ಕಿ ಹೊಳೆಯಿಸಿ ಮುಂದೆ ಕೂರಿಸಿದಳು. ಸಾಹೇಬರು ಹೆಲ್ಮೆಟ್ಟುಗಳನ್ನು ಎಣಿಸಿ, ಮಗುವಿನ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು.

“ವಸ್ತು ಹೋದ ವರ್ಷಕ್ಕಿಂತ ದೊಡ್ಡದಾಗಿದೆಯಲ್ಲ?”

“ಹೌದ್ರಿ.”

“ಯಾರ ಅನುಮತಿ ಪಡೆದು?”

“ಹಾಲು ಕುಡಸೇವ್ರಿ, ಸಾಹೇಬ್ರ. ತಪ್ಪಾತು.”

ಸಾಹೇಬರು ದಾಸ್ತಾನು ಪುಸ್ತಕ ಬಿಡಿಸಿದರು. ಆಮೇಲೆ ‘ಸಮಜಾಯಿಷಿ ಒಪ್ಪಿದೆ’ ಎಂದು ಬರೆದು ಸಹಿ ಹಾಕಿದರು. ತಂಗೆವ್ವ ಮೊಮ್ಮಗನನ್ನು ಎತ್ತಿಕೊಂಡಳು. ಮುಂದಿನ ವರ್ಷದ ಬೆಳವಣಿಗೆಗೆ ಈಗಲೇ ಅರ್ಜಿ ಬರೆಸಿಬಿಡಬೇಕೆಂದು ಆಕೆ ಅಂದೇ ಸವದತ್ತಿಯ ಬಸ್ಸು ಹಿಡಿದಳು.