ನೋರಾಳ ಕೈ ಬಿಟ್ಟ ಗಂಡ

"ಈ ಶನಿವಾರ ನೋರಾಳನ್ನು ಉಳಿಸಿಯೇ ತೀರುತ್ತೇನೆ!" ಎಂದು ನಾನು ಎದೆ ತಟ್ಟಿಕೊಂಡು ಘೋಷಿಸಿದಾಗ ನನ್ನ ಹೆಂಡತಿ ಶಶಿರೇಖಾ ಅವರೆಕಾಯಿ ಬಿಡಿಸುತ್ತಿದ್ದಳು.

"ಅಯ್ಯೋ ಪಾಪ, ಅವಳು ಒಂದ್ಸಲ ಸತ್ತಿದ್ದು ಸಾಲ್ದಾ?" ಎಂದಳು, ತಲೆ ಎತ್ತದೆ.

ನೋರಾ ನಮ್ಮ ನೆಂಟರ ಪೈಕಿ ಅಲ್ಲ. ಒಂದು ಪತ್ತೇದಾರಿ ವಿಡಿಯೊ ಗೇಮಿನ ಹುಡುಗಿ. ಆ ಆಟ ಹೆಜ್ಜೆಹೆಜ್ಜೆಗೂ ನಮ್ಮನ್ನು ಕೇಳುತ್ತದೆ: ಇದು ಮಾಡ್ತೀಯಾ, ಅದು ಮಾಡ್ತೀಯಾ? ಹತ್ತು ಸೆಕೆಂಡಿನಲ್ಲಿ ಒಂದನ್ನು ಒತ್ತಬೇಕು. ಒತ್ತಿದ ದಾರಿಯಲ್ಲೇ ಕಥೆ ಸಾಗುತ್ತದೆ. 2009ರಲ್ಲಿ, ಹೊಸದಾಗಿ ಮದುವೆಯಾಗಿ ಆರ್.ಟಿ. ನಗರದ ಒಂದೇ ರೂಮಿನ ಮನೆಯಲ್ಲಿದ್ದಾಗ, ಇಬ್ಬರೂ ಅಂಟಿಕೊಂಡು ಕೂತು ಅದನ್ನು ಆಡಿದ್ದೆವು. ಕೊನೆಯಲ್ಲಿ ನೋರಾ ಲೈಟ್‌ಹೌಸಿನ ಕಂಬಿ ಹಿಡಿದು ನೇತಾಡುತ್ತಾಳೆ. ಪಕ್ಕದಲ್ಲೇ ಕೊಲೆಗಾರನ ಗುಟ್ಟಿನ ಕಾಗದಗಳಿರುವ ಪೆಟ್ಟಿಗೆ ಜಾರುತ್ತಿರುತ್ತದೆ. ಅವಳ ಕೈ ಹಿಡಿಯುವುದೋ, ಪೆಟ್ಟಿಗೆ ಹಿಡಿಯುವುದೋ? ಶಶಿ "ಕೈ, ಕೈ!" ಎಂದು ಕಿರುಚುತ್ತಿದ್ದರೂ ಮಹಾ ಪತ್ತೇದಾರನಾದ ನಾನು ಪೆಟ್ಟಿಗೆ ಹಿಡಿದೆ. ನೋರಾ ಸಮುದ್ರ ಸೇರಿದಳು.

ಅಂದಿನಿಂದ ಶುರು! ಬಲಿತ ಬೆಂಡೆಕಾಯಿ ತಂದರೆ "ನೋರಾ ಕೈ ಬಿಟ್ಟೋರಲ್ವಾ!" ಹೆಬ್ಬಾಳದ ಫ್ಲೈಓವರಿನಲ್ಲಿ ತಪ್ಪು ಕವಲು ಹಿಡಿದರೆ "ನೋರಾ ಕೈ..." ಹತ್ತು ವರ್ಷ! ನಿಜವಾದ ಕೊಲೆಗಾರರಿಗೂ ಸನ್ನಡತೆಯ ಮೇಲೆ ಬಿಡುಗಡೆ ಸಿಗುತ್ತದೆ, ಸ್ವಾಮಿ.

ಈಗ ಅದೇ ಆಟವನ್ನು ತಿಕ್ಕಿ ತೊಳೆದು, ಹೊಸ ಬಣ್ಣ, ಹೊಸ ಸದ್ದು ಕೊಟ್ಟು, ರೀಮಾಸ್ಟರ್ಡ್ ಎಂದು ಮತ್ತೆ ಬಿಟ್ಟಿದ್ದರು. ಆಫೀಸಿನ ಮುಜಫ್ಫರ್‌ನನ್ನು ಕಾಡಿ ಬೇಡಿ ಅವನ ಗೇಮ್ ಕನ್ಸೋಲ್ ತಂದೆ. ಶನಿವಾರ ಬೆಳಗಾಗುತ್ತಲೇ ಕೂತೆ. ಅಮೃತಹಳ್ಳಿಯಿಂದ ಅವರೆಕಾಯಿ ತಂದಿದ್ದ ಅತ್ತೆ ದ್ರೌಪದಮ್ಮ ಇದೂ ಒಂದು ಧಾರಾವಾಹಿ ಎಂದುಕೊಂಡು ಪಕ್ಕದಲ್ಲೇ ಕೂತರು. ನೋರಾ ಕಂಬಿಗೆ ನೇತುಬೀಳುವ ಹೊತ್ತಿಗೆ ಅವರ ಕಣ್ಣಲ್ಲಿ ನೀರು.

"ತಡೀರಿ ಅಳಿಯಂದ್ರೇ! ಉಡುಗೀ ಜೀವದ ಪ್ರಶ್ನೆ. ಆಂಜನೇಯನ್ನ ಒಂದ್ ಮಾತು ಕೇಳ್ಕೊಂಡ್ ಬತ್ತೀನಿ."

"ಅತ್ತೆ, ಹತ್ತೇ ಸೆಕೆಂಡ್ ಇರೋದು!"

"ನಿಲ್ಸಕ್ಕಾಗಕಿಲ್ವಾ?"

ಆಗುತ್ತಿತ್ತು. ಪಾಜ್ ಗುಂಡಿ ಒತ್ತಿದೆ. ನೋರಾ ನೇತಾಡುತ್ತಲೇ ನಿಂತಳು, ಅತ್ತೆ ಚಪ್ಪಲಿ ಮೆಟ್ಟಿ ಹೊರಟರು. ಅವರ ಕಡೆ ಬೋರ್‌ವೆಲ್ ಕೊರೆಸುವುದಿರಲಿ, ಮದುವೆ ಮಾಡುವುದಿರಲಿ, ದೇವರ ಮೈಮೇಲಿನ ಹೂವು ಬಲಕ್ಕೆ ಬಿದ್ದರೆ ಸರಿ, ಎಡಕ್ಕೆ ಬಿದ್ದರೆ ಬೇಡ. ನನ್ನನ್ನು ಒಪ್ಪಿಕೊಂಡಾಗಲೂ ಬಲಕ್ಕೇ ಬಿದ್ದಿತ್ತಂತೆ. ಅವತ್ತು ಜೋರು ಗಾಳಿ ಇತ್ತು ಎಂದು ಶಶಿ ಹೇಳುತ್ತಿರುತ್ತಾಳೆ.

ಗುಡಿಯಲ್ಲಿ ಅತ್ತೆ ಕೈ ಮುಗಿದು, ಗಟ್ಟಿಯಾಗಿಯೇ ಬೇಡಿಕೊಂಡರಂತೆ: "ಸ್ವಾಮೀ, ನಮ್ ಅಳಿಯ ಅತ್ತು ವರ್ಷದ ಇಂದೆ ಆ ಉಡುಗೀನ ನೀರಿಗ್ ಬೀಳ್ಸಿ ಸಾಯಿಸವ್ನೆ! ಇವತ್ತು ಮತ್ತೆ ಅವಳ ಜೀವ ಅವನ ಕೈಲೈತೆ. ಬುದ್ಧಿ ಕೊಡಪ್ಪಾ!"

ಪಕ್ಕದಲ್ಲಿ ನಿಂತಿದ್ದವಳು ನೀಲಕ್ಕ, ನಮ್ಮ ಸಹಕಾರನಗರದ ಬೀದಿಯ ಬಿಡುವಿಲ್ಲದ ವಾರ್ತಾ ಇಲಾಖೆ!

ಹೂವು ಬಲಕ್ಕೆ ಬಿತ್ತು. ಆದರೆ ಆ ಶುಭವಾರ್ತೆ ಹೊತ್ತ ಅತ್ತೆಗಿಂತ ಮೊದಲು ನಮ್ಮ ಬಾಗಿಲಿಗೆ ಬಂದವರು ಮನೆ ಓನರ್ ಅಶ್ವತ್ಥಪ್ಪ. ಅವರ ಬೆನ್ನ ಹಿಂದೆ ನೀಲಕ್ಕ.

"ಏನಪ್ಪಾ ವಾಸು, ಮರ್ಯಾದಸ್ಥ ಅಂತ ಮನೆ ಕೊಟ್ರೆ ಇಂಗಾ ಮಾಡೋದು? ಎಲ್ಲಪ್ಪಾ ಆ ಉಡುಗಿ?"

ಗಾಬರಿಯಲ್ಲಿ ನಾನು ಒಳಗೆ ಕೈ ತೋರಿಸಿದೆ. "ಅಲ್ಲಿ... ನೇತಾಡ್ತಿದ್ದಾಳೆ."

"ಅಯ್ಯಯ್ಯೋ!" ನೀಲಕ್ಕ ಬಾಗಿಲು ಹಿಡಿದುಕೊಂಡಳು.

ಶಶಿ ನಕ್ಕು ನಕ್ಕು ಸುಸ್ತಾಗಿ, ಟಿವಿ ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಇನ್ನಾದರೂ ಹೋಗುತ್ತಾರೆ ಎಂದುಕೊಂಡೆ. ಎಲ್ಲಿ ಹೋಗುತ್ತಾರೆ! ಅಷ್ಟರಲ್ಲಿ ಅತ್ತೆಯೂ ಬಂದು ಸೇರಿಕೊಂಡರು. ಅಶ್ವತ್ಥಪ್ಪ ಚಪ್ಪಲಿ ಕಳಚಿ ಸೋಫಾ ಹತ್ತಿದರು.

"ಪೆಟ್ಗೆ ಬುಡಬ್ಯಾಡ ಕಣಪ್ಪಾ. ಪತ್ರ ಕೈಲಿದ್ರೆ ಮಿಕ್ಕಿದ್ದೆಲ್ಲಾ ಕೋರ್ಟಲ್ ನೋಡ್ಕಬೋದು." ಸೈಟು ವ್ಯಾಜ್ಯಗಳಲ್ಲೇ ತಲೆ ನರೆತ ಮನುಷ್ಯ.

"ಥೂ, ನಿಮ್ಮ ಪತ್ರಕ್ಕಿಷ್ಟು!" ಎಂದರು ಅತ್ತೆ. "ಕೈ ಇಡ್ಕಳಿ ಅಳಿಯಂದ್ರೇ!"

ನಾನು ಶಶಿಯ ಕಡೆ ನೋಡಿದೆ. ಅವರೆಕಾಯಿ ಬಿಡಿಸುತ್ತಿದ್ದ ಅವಳ ಕೈ ನಿಂತಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಆಟ ಗೆಲ್ಲುವ ಆಸೆ ಇರಲಿಲ್ಲ. ಒಂದೇ ಒಂದು ಸಲ ಅವಳು "ಪರವಾಗಿಲ್ವೇ, ನಮ್ಮೆಜಮಾನ್ರು!" ಅಂದರೆ ಸಾಕಿತ್ತು.

ಆಟ ಮುಂದುವರಿಸಿದೆ. ಹತ್ತು, ಒಂಬತ್ತು... "ಕೈ!" "ಪೆಟ್ಗೆ!" "ಆಂಜನೇಯಾ!" ಐದು, ನಾಲ್ಕು... "ಒತ್ತಪ್ಪಾ!" ಎಂದು ಅಶ್ವತ್ಥಪ್ಪ ಬೆನ್ನಿಗೆ ಗುದ್ದಿದ ರಭಸಕ್ಕೆ ನನ್ನ ಕೈಲಿದ್ದ ಕಂಟ್ರೋಲರ್ ಹಾರಿ ಅವರೆಸಿಪ್ಪೆಯ ರಾಶಿಯಲ್ಲಿ ಮುಳುಗಿತು. ಕೆದಕುವಷ್ಟರಲ್ಲಿ ಸೊನ್ನೆ! ಕಣ್ಣು ಮುಚ್ಚಿಕೊಂಡೆ.

ನೀರಿಗೆ ಬಿದ್ದ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ, ನೋರಾ ತಾನೇ ಕಂಬಿಗೆ ಕಾಲು ಹಾಕಿ ಮೇಲೆ ಹತ್ತಿ, ಜಾರುತ್ತಿದ್ದ ಪೆಟ್ಟಿಗೆಯನ್ನೂ ಎತ್ತಿಕೊಂಡು, ಲಂಗ ಕೊಡವಿ ನಡೆದೇಬಿಟ್ಟಳು! ಏನೂ ಒತ್ತದೆ ಸುಮ್ಮನಿರುವುದೂ ಆ ಆಟದಲ್ಲಿ ಒಂದು ದಾರಿಯಂತೆ. ಮೊದಲಿನಿಂದಲೂ ಇತ್ತಂತೆ. ನನಗೇ ಹೊಳೆದಿರಲಿಲ್ಲ.

ಮನೆ ತುಂಬ ಚಪ್ಪಾಳೆ. "ಅಂತೂ ಬದುಕಿಸಿದ್ರಲ್ಲಾ ರೀ," ಎಂದು ಶಶಿ ನನ್ನ ಕೈಗೆ ಕಾಫಿ ಇಟ್ಟು, ಕೈಯನ್ನು ಒಂದು ಗಳಿಗೆ ಹಿಡಿದೇ ಇದ್ದಳು. ನಾನು ಉಬ್ಬಿಹೋದೆ. ಹತ್ತು ವರ್ಷದ ಮೊಕದ್ದಮೆ ಖುಲಾಸೆ!

ಮರುದಿನ ಬೆಳಿಗ್ಗೆ ಚಟ್ನಿ ರುಬ್ಬುತ್ತಿದ್ದ ಮಿಕ್ಸಿ ಗೊರ್ ಎಂದು ನಿಂತುಹೋಯಿತು. ನಾನು ಗೆದ್ದ ವೀರನ ಗತ್ತಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಎದ್ದೆ.

"ರೀ, ಅಲ್ಲೇ ಕೂತ್ಕೊಳ್ಳಿ!" ಅಡುಗೆಮನೆಯಿಂದ ಕೂಗು ಬಂತು. "ದಯವಿಟ್ಟು ಮುಟ್ಟಬೇಡಿ. ಇದೂ ಬದುಕ್ಕೊಳ್ಳಲಿ!"