ದೊಡ್ಡವ್ವನಿಗೆ ದೇವರ ಪರಿಚಯವಿಲ್ಲ

ನಮ್ಮ ದೊಡ್ಡವ್ವನಿಗೆ ದೇವರ ಮೇಲೆ ಸಿಟ್ಟಿಲ್ಲ. ಪರಿಚಯವಿಲ್ಲ, ಅಷ್ಟೇ.

“ಕಂಡಿಲ್ಲ, ಮಾತಾಡಿಲ್ಲ, ಒಂದು ದಿನ ನಮ್ಮ ಮನಿಗೆ ಬಂದು ಊಟಕ್ಕ ಕುಂತಿಲ್ಲ. ಸುಮ್ಮನ ಗುರ್ತ ಐತಿ ಅಂತ ಹ್ಯಾಂಗ ಹೇಳ್ಲಿ?” ಎನ್ನುತ್ತಾಳೆ. ಈ ನಿಯಮ ದೇವರಿಗೆ ಮಾತ್ರ ಎಂದುಕೊಳ್ಳಬೇಡಿ. ತಹಶೀಲ್ದಾರರಿಗೂ, ಹವಾಮಾನ ಇಲಾಖೆಗೂ, ಟೀವಿಯಲ್ಲಿ ಬೆಳಿಗ್ಗೆ ಭವಿಷ್ಯ ಹೇಳುವವರಿಗೂ, ಬಸ್ ನಿಲ್ದಾಣದಲ್ಲಿ ಮೊಣಕಾಲು ನೋವಿನ ಎಣ್ಣೆ ಮಾರುವವನಿಗೂ ಇದು ಸಮನಾಗಿ ಅನ್ವಯಿಸುತ್ತದೆ. ಅವಳ ಊರು ದೇವರ ಹಿಪ್ಪರಗಿಯ ಹತ್ತಿರ. ವಿಳಾಸದಲ್ಲೇ ದೇವರನ್ನು ಇಟ್ಟುಕೊಂಡು ಹೀಗೆ ಮಾತಾಡಬಹುದೇ ಎಂದು ಒಬ್ಬರು ಕೇಳಿದ್ದಕ್ಕೆ, “ಹಿಪ್ಪರಗಿ ಕಂಡೇನ್ರಿ. ಉಳಿದದ್ದು ಕಂಡಿಲ್ಲ” ಎಂದಿದ್ದಳು.

ಅವಳ ತಂಗಿಯಾದ ನಮ್ಮ ಅವ್ವ ಇದಕ್ಕೆ ತದ್ವಿರುದ್ಧ. ನಂಬುವ ಕೆಲಸದಲ್ಲಿ ಅಕ್ಕನ ಪಾಲನ್ನೂ ತಾನೇ ಮಾಡುತ್ತಾಳೆ. ಅಮಾವಾಸ್ಯೆ, ಮಠ, ದರ್ಗಾ, ಹಲ್ಲಿಯ ಲೊಚಗುಟ್ಟುವಿಕೆ, ಮೊಬೈಲಿಗೆ ಬರುವ ‘ಹನ್ನೊಂದು ಜನಕ್ಕೆ ಕಳಿಸಿ’, ಯಾವುದಕ್ಕೂ ಅವಳು ಬೇಸರ ಮಾಡಲಾರಳು. ಇಬ್ಬರೂ ಒಂದೇ ಬಾವಿಯ ನೀರು ಕುಡಿದು ಬೆಳೆದವರೆಂದರೆ ಆ ನೀರಿನ ಮೇಲೇ ಅನುಮಾನ ಬರುತ್ತದೆ.

ನಾನು ಹೇಳಹೊರಟಿರುವುದು ಅವ್ವನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡ ವರ್ಷದ ಸಂಗತಿ. ಮೊದಲು ಬಾರೆಹಣ್ಣಿನಷ್ಟಿತ್ತು. ಅವ್ವ ಉಗುಳು ನುಂಗಿದಾಗ ಅದೂ ಮೇಲೆ ಕೆಳಗೆ ಆಡುತ್ತಿತ್ತು. ಮನಗೂಳಿಯ ನಮ್ಮ ಮನೆಗೆ ಬಂದಿದ್ದ ದೊಡ್ಡವ್ವ ಅದನ್ನು ಕಂಡವಳೇ, “ನಾಳೆ ಬಿಜಾಪುರಕ್ಕ ಹೋಗಿ ಡಾಕ್ಟರಿಗೆ ತೋರಸು” ಎಂದಳು.

“ತೋರಿಸಿದ್ರ ಅವ್ರು ಏನರ ಹೇಳ್ತಾರಕ್ಕಾ.”

“ಹೇಳ್ಲಿ ಅಂತನ ತೋರಸೂದು.”

“ಅದಕ್ಕ ಒಲ್ಲೆ ಅಂದದ್ದು.”

ಈ ತರ್ಕದ ಮುಂದೆ ನನ್ನ ಸ್ನಾತಕೋತ್ತರ ಪದವಿಯೂ ಕೈಕಟ್ಟಿ ನಿಂತಿತು. ಅಪ್ಪನಂತೂ ಅಕ್ಕತಂಗಿಯರ ನಡುವೆ ಬಾಯಿ ಹಾಕುವ ಸಾಹಸವನ್ನು ಮದುವೆಯಾದ ಹೊಸದರಲ್ಲೇ ಬಿಟ್ಟಿದ್ದರು. ಅವ್ವ ಅರಿಶಿನದ ಲೇಪ ಹಚ್ಚಿಕೊಂಡು, ಸೆರಗನ್ನು ಕುತ್ತಿಗೆಗೆ ಸುತ್ತಿ ಓಡಾಡತೊಡಗಿದಳು.

ಅವ್ವನ ಮನಸ್ಸು ತಿರುಗಿಸಲೆಂದು ನಾವು ಆಗಾಗ ದೊಡ್ಡವ್ವನ ಊರಿಗೆ ಹೋಗುತ್ತಿದ್ದೆವು. ಒಮ್ಮೆ ಹೋದಾಗ ಪಕ್ಕದ ಮನೆಯಾಕೆ ಏದುಸಿರು ಬಿಡುತ್ತ ಬಂದಳು.

“ಅಕ್ಕಾರ, ಒಬ್ಬನ ಮಗ ಇದ್ದಾವ್ರು ಹೊತ್ತು ಮುಣಗೂದ್ರಾಗ ಬೇವಿನ ಗಿಡಕ್ಕ ನೀರು ಹಾಕಬೇಕಂತ್ರಿ. ಇಲ್ಲಂದ್ರ ಮಗನಿಗೆ ಗಂಡಾಂತರ ಐತಂತ.”

ಆಕೆಗೂ ಒಬ್ಬನೇ ಮಗ, ದೊಡ್ಡವ್ವನಿಗೂ ಒಬ್ಬನೇ. ಮಗನಿಲ್ಲದ ನಮ್ಮ ಅವ್ವ ಕೂಡ ಆಗಲೇ ತಂಬಿಗೆ ಹುಡುಕುತ್ತಿದ್ದಳು.

“ಯಾರಂದ್ರು?” ಎಂದು ದೊಡ್ಡವ್ವ ಕೇಳಿದಳು.

“ಸಿಂದಗ್ಯಾಗ ನಮ್ಮ ನಾದಿನಿ ಅದಾಳಲ್ರಿ, ಆಕಿ.”

“ಹಚ್ಚು ಫೋನು.”

ಸಿಂದಗಿಯ ನಾದಿನಿಗೆ ಇಂಡಿ ಊರಿನ ಒಬ್ಬಳಿಂದ ಸುದ್ದಿ ಬಂದಿತ್ತು. ಆ ಇಂಡಿಯವಳಿಗೆ ಮುದ್ದೇಬಿಹಾಳದಿಂದ. ದೊಡ್ಡವ್ವ ಬಿಡಬೇಕಲ್ಲ? ಮುದ್ದೇಬಿಹಾಳಕ್ಕೂ ಹಚ್ಚಿಸಿದಳು. ಆ ಕಡೆಯ ಹೆಂಗಸು ನಿಶ್ಚಿಂತೆಯಿಂದ ಉತ್ತರ ಕೊಟ್ಟಳು. “ನನಗ ನಿಮ್ಮ ಬಾಜೂ ಮನ್ಯಾಕಿನ ಮುಂಜಾನಿ ಫೋನ್ ಮಾಡಿ ಹೇಳಿದ್ಲಲ್ರಿ.”

ಎಲ್ಲರೂ ಪಕ್ಕದ ಮನೆಯಾಕೆಯನ್ನು ನೋಡಿದೆವು. ಆಕೆ ಸ್ವಲ್ಪವೂ ಕುಗ್ಗಲಿಲ್ಲ.

“ಅದು ನನಗ ಕನಸು ಬಿದ್ದಿತ್ರಿ. ಯಾಕ ಬಿತ್ತು ಅಂತ ಕೇಳಾಕ ಆಕಿಗೆ ಫೋನ್ ಮಾಡಿದ್ದೆ. ಸಿಂದಗಿಯಿಂದ ಸುದ್ದಿ ಬರೂತನಕ ಅದು ಖರೇ ಅಂತ ನನಗೂ ಗೊತ್ತಿರಲಿಲ್ಲ.”

ಹೇಳಿದ್ದು ಹೇಳಿ, ಹೋಗಿ ಗಿಡಕ್ಕೆ ನೀರು ಹಾಕಿಯೇ ಬಂದಳು. ದೊಡ್ಡವ್ವ ಹಾಕಲಿಲ್ಲ. ಅವಳ ಒಬ್ಬನೇ ಮಗ ಅವತ್ತು ಹೊತ್ತು ಮುಳುಗಿದ ಮೇಲೆ ಎಂದಿಗಿಂತ ಒಂದು ರೊಟ್ಟಿ ಹೆಚ್ಚು ತಿಂದ.

ಗಿಡಕ್ಕೆ ಹಾಕಿದ ಆ ನೀರು ಬಂದದ್ದಾದರೂ ಎಲ್ಲಿಂದ? ತಲೆಯ ಮೇಲೆ ಹೊತ್ತು ತಂದದ್ದು. ಊರಿನ ಪ್ರತಿ ಮನೆಯ ಮುಂದೆ ಸರಕಾರದವರು ಕಾಂಕ್ರೀಟಿನ ಗಿಡ್ಡ ಕಂಬ ನೆಟ್ಟು ನಳ ಕೂರಿಸಿ ಹೋಗಿದ್ದರು. ನೀರೊಂದು ಬರುವುದು ಬಾಕಿಯಿತ್ತು. ದೊಡ್ಡವ್ವ ಕೆಲವು ದಿನ ಕಾದು ನೋಡಿದಳು. ಆಮೇಲೆ ಆ ಕಂಬಕ್ಕೆ ತನ್ನ ಆಡನ್ನು ಕಟ್ಟಿದಳು. ತಾಲ್ಲೂಕಿನಿಂದ ತಪಾಸಣೆಗೆ ಬಂದ ಸಾಹೇಬರಿಗೆ ಫೋಟೋದಲ್ಲಿ ನಳ ಬೇಕಾಗಿತ್ತು, ಆಡು ಬೇಕಾಗಿರಲಿಲ್ಲ.

“ಯಮ್ಮಾ, ಸರಕಾರಿ ನಳಕ್ಕ ಆಡು ಕಟ್ಟೀರಲ್ಲ?”

“ನೀರು ಬಂದ ದಿನ ಬಿಚ್ಚತೇನ್ರಿ ಸಾಹೇಬ್ರ. ಆಡಿಗೂ ಹೇಳೇನಿ.”

“ನೀರು ಬಂದೈತೆಂತ ಕಾಗದದಾಗ ಐತಲ್ರಿ.”

“ಹಂಗಾರ ಆಡು ಬಿಚ್ಚ್ಯಾರ ಅಂತನೂ ಅದ ಕಾಗದದಾಗ ಬರಕೋರಿ.”

ಸಾಹೇಬರು ಏನು ಬರೆದುಕೊಂಡರೋ ತಿಳಿಯದು. ಫೋಟೋದಲ್ಲಿ ಆಡು ಕ್ಯಾಮೆರಾವನ್ನೇ ನೋಡುತ್ತಿತ್ತು.

ಇಷ್ಟೆಲ್ಲ ನಗುವಿನ ನಡುವೆ ಅವ್ವನ ಗಂಟು ಬೆಳೆಯುತ್ತಲೇ ಇತ್ತು. ಈಗ ನಿಂಬೆಹಣ್ಣಿನಷ್ಟಾಗಿತ್ತು. ರೊಟ್ಟಿಯ ತುತ್ತು ಇಳಿಸಲು ಅವಳಿಗೆ ನೀರು ಬೇಕಾಗುತ್ತಿತ್ತು. ಆಗ ಯಾರೋ ಅವಳಿಗೆ ಇಂಡಿಯ ಕಡೆಯ ಒಬ್ಬ ‘ಮದ್ದು ತೆಗೆಯುವವರ’ ಸುದ್ದಿ ಕೊಟ್ಟರು. ಹೊಟ್ಟೆಕಿಚ್ಚಿನವರು ಅನ್ನದಲ್ಲಿ ಏನೋ ಕಲಸಿ ತಿನ್ನಿಸುತ್ತಾರೆ, ಅದೇ ಮದ್ದು. ಅದು ಒಳಗೆ ಕಟ್ಟಿಕೊಂಡು ಗಂಟಾಗುತ್ತದೆ, ಈ ಮನುಷ್ಯ ಹಿತ್ತಾಳೆಯ ಕೊಳವೆಯಿಟ್ಟು ಬಾಯಿಂದ ಎಳೆದು ಹೊರಗೆ ಉಗುಳಿ ತೋರಿಸುತ್ತಾನೆ. ಕೊಯ್ಯುವುದಿಲ್ಲ, ರಕ್ತವಿಲ್ಲ. ಅವ್ವನಿಗೆ ಇನ್ನೇನು ಬೇಕು?

“ನಾನೂ ಬರ್ತೇನಿ” ಎಂದಳು ದೊಡ್ಡವ್ವ. ಬೇಡವೆಂದರೆ ಮುಂದಿನ ಬಸ್ಸಿಗೆ ಬರುತ್ತಾಳೆಂದು ಗೊತ್ತಿದ್ದರಿಂದ ಅವ್ವ ಸುಮ್ಮನಾದಳು.

ಆ ಮನುಷ್ಯ ಅವ್ವನ ಕುತ್ತಿಗೆ ನೋಡಿ ತುಂಬ ಸೊಗಸಾಗಿ ಮಾತಾಡಿದ. ಹತ್ತಿರದ ಹೆಂಗಸೇ ಹಾಕಿದ್ದಾಳೆ ಎಂದ. ಅವ್ವ ನಮ್ಮ ಓಣಿಯವರನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ನಿಲ್ಲಿಸಿ ನೋಡತೊಡಗಿದಳು. ಆತ ಕೊಳವೆ ತರಲು ಒಳಕೋಣೆಗೆ ಹೋದ. ಹೊರಗೆ ಬಂದಾಗ ಮಾತು ನಿಂತಿತ್ತು. ಕೈಸನ್ನೆಯಲ್ಲೇ ಅವ್ವನನ್ನು ಕೂರಲು ಹೇಳಿದ.

ದೊಡ್ಡವ್ವ ಚೀಲದಿಂದ ನೀರು ತುಂಬಿದ ತಂಬಿಗೆ ತೆಗೆದು ಬಹಳ ಮರ್ಯಾದೆಯಿಂದ ಮುಂದೆ ಹಿಡಿದಳು. “ಮೊದ್ಲ ಒಂದ್ ಸಲ ಬಾಯಿ ಮುಕ್ಕಳಿಸ್ರಿ ಅಜ್ಜಾರ. ಆಮ್ಯಾಲೆ ಎಳೀರಿ.”

ಆತ ತಲೆಯಾಡಿಸಿದ. ಬಾಯಿ ಬಿಡಲಿಲ್ಲ.

“ಹೋಗ್ಲಿ, ಮುಕ್ಕಳಿಸಬ್ಯಾಡ್ರಿ. ನಿಮ್ಮ ಊರು ಯಾವುದು, ಅಷ್ಟ ಹೇಳ್ರಿ.”

ಕಾಯುತ್ತಿದ್ದ ಹೆಂಗಸರೆಲ್ಲ ಆತನ ಬಾಯನ್ನೇ ನೋಡುತ್ತಿದ್ದರು. ಆತ ಸರ್ರನೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಧ್ವನಿ ಬಂತು. “ನಂಬಿಕಿ ಇಲ್ಲದ ಮಂದಿ ಬಂದಾರ. ಇವತ್ತ ಮದ್ದು ಏಳೂದಿಲ್ಲ.”

“ಒಳಗ ಹೋದ ಕೂಡ್ಲೆ ಮಾತು ಬಂತು ನೋಡು” ಎಂದು ದೊಡ್ಡವ್ವ ತಂಬಿಗೆಯ ನೀರನ್ನು ತಾನೇ ಕುಡಿದಳು.

ಬಸ್ಸಿನಲ್ಲಿ ಅವ್ವ ಬೇರೆ ಸೀಟಿನಲ್ಲಿ ಕುಳಿತಳು. ಆಮೇಲೂ ಎಷ್ಟೋ ವಾರ ಅಕ್ಕನೊಂದಿಗೆ ಮಾತು ಬಿಟ್ಟಳು.

ಇದರಿಂದ ಜನ ಕಲಿಯಬೇಕಾದ್ದು ಏನು? ಆತನ ಬಾಯಲ್ಲಿ ಏನೋ ಇತ್ತೆಂದು ತಾನೇ? ಜನ ಕಲಿತದ್ದು ಬೇರೆ. ಅಂಥ ಮನುಷ್ಯನ ವಿದ್ಯೆ ಈಕೆಯ ಮುಂದೆ ನಡೆಯಲಿಲ್ಲವೆಂದರೆ ಈಕೆಯ ಬಳಿ ಅದಕ್ಕಿಂತ ದೊಡ್ಡದು ಏನೋ ಇರಬೇಕು! ಬೇವಿಗೆ ನೀರು ಹಾಕದೆಯೂ ಮಗ ಉಳಿದದ್ದು ಎಲ್ಲರಿಗೂ ಈಗ ನೆನಪಾಯಿತು.

ಮೊದಲು ಬಂದವಳು ಅಳುವ ಕೂಸನ್ನೆತ್ತಿಕೊಂಡ ಒಬ್ಬ ತಾಯಿ. ಕೂಸಿಗೆ ದೃಷ್ಟಿಯಾಗಿದೆ ಎಂದಳು. ಜ್ವರವಿದೆಯೇ, ಹಾಲು ಕುಡಿಯುತ್ತದೆಯೇ ಎಂದು ಕೇಳಿದ ದೊಡ್ಡವ್ವ, “ಏನೂ ಇಲ್ಲ, ಹೋಗು” ಎಂದು ಗದರಿದಳು. ಆ ತಾಯಿ ಮುಖವರಳಿಸಿಕೊಂಡು ಹೋದಳು. ಇನ್ನೊಬ್ಬಳ ಕೂಸಿಗೆ ಮೈ ಸುಡುತ್ತಿತ್ತು. ಅವಳನ್ನು ಬೈದು ಅದೇ ಗಳಿಗೆಯಲ್ಲಿ ದವಾಖಾನೆಗೆ ಅಟ್ಟಿದಳು. ಈ ಎರಡನ್ನೂ ಸೇರಿಸಿ ಜನ ಒಂದು ಶಾಸ್ತ್ರವನ್ನೇ ಕಟ್ಟಿದರು. ಅವಳು ‘ಏನೂ ಇಲ್ಲ’ ಎಂದರೆ ಇದ್ದದ್ದೂ ಇಲ್ಲವಾಗುತ್ತದೆ.

ಬಸವನ ಬಾಗೇವಾಡಿಯಿಂದ ಒಬ್ಬ ಮಾಸ್ತರರು ಬಂದರು. ಅವರ ಹೊಸ್ತಿಲ ಮೇಲೆ ಯಾರೋ ಮಂತ್ರಿಸಿದ ನಿಂಬೆಹಣ್ಣು ಇಟ್ಟಿದ್ದರಂತೆ. ಅದನ್ನು ಕಾಗದದಲ್ಲಿ ಸುತ್ತಿ ಚಿಮಟಿಗೆಯಲ್ಲಿ ಹಿಡಿದು ತಂದಿದ್ದರು. ದೊಡ್ಡವ್ವ ಹಣ್ಣನ್ನು ತೊಳೆದು, ಕೊಯ್ದು, ಸಕ್ಕರೆ ಹಾಕಿ ಪಾನಕ ಮಾಡಿ ಅವರಿಗೊಂದು ಲೋಟ ಕೊಟ್ಟು ತಾನೂ ಒಂದು ಲೋಟ ಕುಡಿದಳು. ಮಾಸ್ತರರು ಕಣ್ಣುಮುಚ್ಚಿ ಕುಡಿದರು, ಉಳಿದರು. ಹೋಗಿ ಇಡೀ ಸಾಲೆಗೆ ಹೇಳಿದರು.

“ನನ್ನ ಹತ್ರ ಏನೂ ಇಲ್ಲ, ಬರಬ್ಯಾಡ್ರಿ” ಎಂದು ದೊಡ್ಡವ್ವ ಕೂಗಿದಳು. ‘ಏನೂ ಇಲ್ಲ’ ಎಂಬಷ್ಟನ್ನು ಕೇಳಿಸಿಕೊಂಡು ಜನ ಸಮಾಧಾನದಿಂದ ಹಿಂದಿರುಗಿದರು. ಒಂದು ದಿನ ಬೆಳಿಗ್ಗೆ ನೋಡಿದರೆ ನಳದ ಕಂಬಕ್ಕೆ ಯಾರೋ ಕುಂಕುಮ ಹಚ್ಚಿದ್ದರು. ಆಡಿಗೂ ಹಚ್ಚಿದ್ದರು.

ಈ ಸುದ್ದಿ ಮನಗೂಳಿಗೆ ಮುಟ್ಟಿತು. ಎಲ್ಲವನ್ನೂ ನಂಬುವ ನಮ್ಮ ಅವ್ವ ಇದನ್ನೊಂದು ಬಿಟ್ಟಾಳೆಯೇ? ಮಾತು ಬಿಟ್ಟಿದ್ದನ್ನು ಮರೆತು ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಅಕ್ಕನ ಎದುರು ಕುಳಿತು ಸೆರಗು ಸರಿಸಿ ಗಂಟು ತೋರಿಸಿದಳು.

“ಅಕ್ಕಾ, ನನಗೂ ಒಂದ್ ಸಲ ಅಂದಬಿಡು.”

“ಏನಂತ?”

“ಏನೂ ಇಲ್ಲ, ಹೋಗು ಅಂತ.”

ದೊಡ್ಡವ್ವ ನಗುತ್ತಾಳೆಂದುಕೊಂಡೆ. ನಗಲಿಲ್ಲ. ಎರಡು ಬೆರಳಿನಿಂದ ಗಂಟನ್ನು ಮೆಲ್ಲಗೆ ಮುಟ್ಟಿದಳು.

“ಇದಕ್ಕ ಅನ್ನೂದಿಲ್ಲ.”

“ಯಾರ್ಯಾರಿಗೋ ಅಂತೀ. ಒಡಹುಟ್ಟಿದಾಕಿಗೆ ಅನ್ನಾಕ ಬರೂದಿಲ್ಲ?”

“ಇಲ್ಲ.”

ಅವ್ವನ ಮುಖ ಬಿಳಚಿಕೊಂಡಿತು. ಯಾವ ಡಾಕ್ಟರು ಏನು ಹೇಳಿದ್ದರೂ ಅವಳು ಅಷ್ಟು ಅಂಜುತ್ತಿರಲಿಲ್ಲ. ದೆವ್ವವಿಲ್ಲ, ಮಾಟವಿಲ್ಲ, ದೇವರೂ ಇಲ್ಲ ಎಂದವಳು ಈ ಗಂಟೊಂದನ್ನು ಇಲ್ಲ ಎನ್ನಲೊಲ್ಲಳಲ್ಲ! ಮರುದಿನ ಬೆಳಿಗ್ಗೆ ಅವಳೇ ಕೇಳಿದಳು, “ಬಿಜಾಪುರದ ಬಸ್ಸು ಎಷ್ಟಕ್ಕ ಐತಿ?”

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರು ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಣ್ಣುಮಗಳು. ದೊಡ್ಡವ್ವ ಆಕೆಯನ್ನೂ ಬಿಡಲಿಲ್ಲ.

“ಮೊದ್ಲ ಯಾರದರ ಕೊಯ್ದೀರೇನ್ರಿ?”

“ಭಾಳ ಮಂದೀದು ಕೊಯ್ದೇನ್ರಿ ಅಮ್ಮಾರ.”

“ಅವ್ರೆಲ್ಲ ಈಗ ಎಲ್ಲಿ ಅದಾರ?”

“ಅವರವರ ಮನ್ಯಾಗ ಅದಾರ್ರಿ.”

“ಒಂದಿಬ್ಬರ ಫೋನ್ ನಂಬರ್ ಇದ್ರ ಕೊಡ್ರಿ.”

ಡಾಕ್ಟರು ನಕ್ಕರು. ನಾನು ನೆಲ ನೋಡಿದೆ. ಆಮೇಲೆ ಆಕೆ ನಗು ನಿಲ್ಲಿಸಿ, ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ಅದು ಎಂಥದ್ದೆಂದು ಖಚಿತವಾಗಿ ಹೇಳಬಹುದು, ಈಗಲೇ ಏನು ಹೇಳಿದರೂ ಸುಳ್ಳಾಗುತ್ತದೆ ಎಂದರು. ದೊಡ್ಡವ್ವ ಹೊರಗೆ ಬಂದು, “ಈಕಿ ಕೊಯ್ಲಿ” ಎಂದಳು. ಯಾರ ಬಗ್ಗೆಯೂ ಅವಳು ಅಷ್ಟು ಬೇಗ ತೀರ್ಮಾನಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಅವ್ವನಿಗೆ ಹಸಿರು ಗೌನು ತೊಡಿಸಿದ್ದರು. ಬಳೆ, ತಾಳಿ ಎಲ್ಲ ನನ್ನ ಕೈಯಲ್ಲಿದ್ದವು. ಗಾಡಿಯ ಮೇಲೆ ಮಲಗಿಸಿ ಒಳಗೆ ತಳ್ಳಿಕೊಂಡು ಹೋಗುವಾಗ ಬಾಗಿಲ ಬಳಿ ಅವ್ವ, “ಸ್ವಲ್ಪ ತಡೀರಿ” ಎಂದಳು. ಅಕ್ಕನ ಕಡೆ ತಿರುಗಿದಳು.

“ಈಗರ ಅನ್ನಕ್ಕಾ.”

ದೊಡ್ಡವ್ವ ಬಾಯಿ ತೆರೆದಳು. ಅನ್ನಲಿ, ಒಂದೇ ಒಂದು ಸಲ ಸುಳ್ಳಾದರೂ ಅನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆ ಎಂದು ಕೇಳಬೇಡಿ.

“ನನಗ ಗೊತ್ತಿಲ್ಲ ತಂಗಿ” ಎಂದಳು ದೊಡ್ಡವ್ವ. “ನನಗೂ ಅಂಜಿಕಿ ಬಂದೈತಿ.”

ಅವ್ವ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ಗೌನಿನ ಸಡಿಲ ತೋಳಿನಿಂದ ಕೈ ಚಾಚಿ ಅಕ್ಕನ ಕೈ ಹಿಡಿದಳು, ತಾನೇ ಹಿರಿಯಳೆಂಬಂತೆ.

“ಅಂಜಬ್ಯಾಡ. ನಾ ಬರ್ತೇನಿ. ನೀ ಮುಂಜಾನಿಂದ ಬಾಯಾಗ ಏನೂ ಹಾಕ್ಕೊಂಡಿಲ್ಲ. ಕೆಳಗ ಹೋಗಿ ಒಂದ್ ಕಪ್ ಚಾ ಕುಡಿ.”

ಬರ್ತೀ ಅಂತ ನಿನಗ ಹ್ಯಾಂಗ ಗೊತ್ತು, ಯಾರಂದ್ರು ಎಂದು ದೊಡ್ಡವ್ವ ಕೇಳಲಿಲ್ಲ. ತಲೆಯಾಡಿಸಿದಳು. ಬಾಗಿಲು ಮುಚ್ಚಿತು.

ಮುಂದೆ ದೊಡ್ಡವ್ವ ಯಾರೂ ಇಲ್ಲದ ಮೂಲೆ ಹುಡುಕಿ ಕೈಮುಗಿದಳೆಂದು ಬರೆಯುತ್ತೇನೆಂದು ನೀವು ಕಾಯುತ್ತಿರಬಹುದು. ಮುಗಿಯಲಿಲ್ಲ. ನಾನು ನೋಡುತ್ತಲೇ ಇದ್ದೆ. ಅವಳು ತಂಗಿ ಹೇಳಿದಂತೆ ಮೆಟ್ಟಿಲಿಳಿದು, ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಚಹ ತೆಗೆದುಕೊಂಡು, ಕಲ್ಲುಬೆಂಚಿನ ಮೇಲೆ ಕುಳಿತಳು. ಕಪ್ಪನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಚಹದ ಮೇಲೆ ಕೆನೆ ಕಟ್ಟಿತು. “ಆರಿ ಹೋತು ದೊಡ್ಡವ್ವ” ಎಂದೆ. “ಹೂಂ” ಎಂದಳು. ಮೇಲಿನಿಂದ ನಮ್ಮನ್ನು ಕರೆದಾಗ ಕಪ್ಪನ್ನು ಹಾಗೆಯೇ ಬೆಂಚಿನ ಮೇಲಿಟ್ಟು ಎದ್ದಳು.

ಪರೀಕ್ಷೆಯ ವರದಿ ಕೆಲವು ದಿನಗಳ ನಂತರ ಬಂತು, ಒಳ್ಳೆಯದೇ ಬಂತು. ಓದುವವರು ಸುಮ್ಮನೆ ಅಂಜಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಆದರೆ ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ಕುತ್ತಿಗೆಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡ ಅವ್ವ ಅರ್ಧ ಕಣ್ಣು ತೆರೆದು ನಮ್ಮಿಬ್ಬರನ್ನೂ ಗುರುತಿಸಿದಳು. ಧ್ವನಿ ಗೊಗ್ಗರಾಗಿತ್ತು, ಮಾತು ಕೇಳಲು ಬಾಗಬೇಕಿತ್ತು.

“ಚಾ ಕುಡದ್ಯೇನಕ್ಕಾ?”

“ಕುಡದೇನಿ” ಎಂದಳು ದೊಡ್ಡವ್ವ. “ಚಲೋ ಇತ್ತು.”